ಸತು, ತಾಮ್ರ, ಅಮ್ಮನ ಬಲಗಾಲು

ಜನವರಿ 9, ಗುರುವಾರ

ಕಾವಲುಗಾರನನ್ನು ಇವತ್ತು ಕೊನೆಗೂ ಕೆಲಸದಿಂದ ತೆಗೆದೆ. ಎಷ್ಟು ತಿಂಗಳಿಂದ ಹೆಣಗುತ್ತಿದ್ದೆನೋ! ನ್ಯುಮೋನಿಯಾ ತರುವ ನಮ್ಮ ಬ್ಯಾಕ್ಟೀರಿಯಾದೊಳಗೆ ಸತುವಿನ ಲೆಕ್ಕ ನೋಡಿಕೊಳ್ಳುವ ಒಂದು ಪ್ರೋಟೀನು ಇದೆ, ಅದೇ ನನ್ನ ಕಾವಲುಗಾರ. ಅದರ ಜೀನನ್ನೇ ಕತ್ತರಿಸಿ ತೆಗೆದ ತಳಿ ಇವತ್ತು ತಟ್ಟೆಯಲ್ಲಿ ಸಣ್ಣ ಸಣ್ಣ ಚುಕ್ಕೆಗಳಾಗಿ ಬೆಳೆದು ಕೂತಿತ್ತು. ಹೆಡ್ ಮೇಡಂ, ಅಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ, ಹೊಗಳಿದರೆ ತಮ್ಮ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹಾಗಿರುವ ಹೆಂಗಸು, ತಟ್ಟೆಯನ್ನು ಬೆಳಕಿಗೆ ಹಿಡಿದು "ಹೂಂ" ಅಂದರು. ಆ ಒಂದು ಹೂಂಗೆ ನಾನು ಸಂಜೆಯವರೆಗೆ ನೆಲದ ಮೇಲೆ ಕಾಲಿಡಲಿಲ್ಲ.

ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಸಿಟಿ ಬಸ್ಸಿನ ಡ್ರೈವರು. ಕೇಳಲಿ ಬಿಡಲಿ, ನಾನು ವಿವರಿಸುವುದು ಇದ್ದದ್ದೇ. ಸತು ಇಲ್ಲದೆ ಯಾವ ಜೀವವೂ ಬದುಕುವುದಿಲ್ಲ, ರೋಗಾಣು ಕೂಡ. ಅದು ಒಳಗೆ ನುಗ್ಗಿತೆಂದು ತಿಳಿದ ಕೂಡಲೇ ನಮ್ಮ ದೇಹ ಸತುವನ್ನೆಲ್ಲ ಬಚ್ಚಿಡುತ್ತದೆ. ಬಿಳಿ ರಕ್ತಕಣಗಳು ಸತುವನ್ನು ಅಪ್ಪಿ ಹಿಡಿದುಕೊಳ್ಳುವ ಒಂದು ಪ್ರೋಟೀನನ್ನು ಸುರಿಯುತ್ತವೆ. ರೋಗಾಣು ಬಿಟ್ಟೀತೇ? ಸತು ಎಳೆದುಕೊಳ್ಳುವ ಪಂಪುಗಳನ್ನು ತಯಾರಿಸಿ ಮೈಮೇಲೆ ಕೂರಿಸಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ಆ ತಯಾರಿ ನಿಲ್ಲಬೇಕಲ್ಲ, ಅದು ಕಾವಲುಗಾರನ ಕೆಲಸ. ಕೈಗೆ ಸತು ಸಿಕ್ಕಿದ ಕೂಡಲೇ ಅವನು ಹೋಗಿ ಪಂಪಿನ ಜೀನಿನ ಮೇಲೆ ಕೂತುಬಿಡುತ್ತಾನೆ. ಕೈ ಖಾಲಿಯಾದರೆ ಎದ್ದು ಹೋಗುತ್ತಾನೆ, ಪಂಪು ಮತ್ತೆ ತಯಾರಾಗುತ್ತದೆ.

"ಅಂದ್ರೆ ಕಂಡಕ್ಟರು," ಅಂದಳು ಅಮ್ಮ. "ಬಸ್ ತುಂಬಿದ ಮೇಲೆ ಬಾಗಿಲು ಹಾಕು ಅನ್ನೋನು. ಅವನನ್ನೇ ಇಳಿಸಿಬಿಟ್ಯಾ? ನಿನ್ನ ಹುಳದ ಗತಿ ಏನು?"

ಅದನ್ನೇ ನೋಡಬೇಕಾಗಿರುವುದು ಅಂದೆ.

ಅಮ್ಮನಿಗೆ ಮತ್ತೆ ಕೆಮ್ಮು. ದಿನವಿಡೀ ಊರಿನ ಜನವೆಲ್ಲ ಅವಳ ಬೆನ್ನಿಗೆ ಕೆಮ್ಮುತ್ತಾರೆ, ಬರದೆ ಇನ್ನೇನಾದೀತು. ಕಳೆದ ವರ್ಷದ ಚಳಿಯಲ್ಲಿ ಶುರುಮಾಡಿಸಿದ ಸತುವಿನ ಮಾತ್ರೆಯನ್ನು ಈಗ ಬೆಳಿಗ್ಗೆಯೂ ಸಂಜೆಯೂ ಕೊಡುತ್ತಿದ್ದೇನೆ. ಸತುವಿನ ಮೇಲೆ ಇಷ್ಟು ವರ್ಷ ಕೆಲಸ ಮಾಡಿ ಸ್ವಂತ ಅಮ್ಮನಿಗೆ ಅಷ್ಟೂ ಮಾಡದಿದ್ದರೆ ಹೇಗೆ.

ಜನವರಿ 28, ಮಂಗಳವಾರ

ಅಮ್ಮನ ಬಾಯಿ ತುಂಬ ಹುಣ್ಣು. ಮುಖವೂ ಬಿಳಿಚಿಕೊಂಡಿದೆ. ಡಿಪೋ ಪಕ್ಕದ ಕ್ಲಿನಿಕ್ಕಿನವರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ನಾನು ಮಧ್ಯಾಹ್ನಕ್ಕೂ ಒಂದು ಸತುವಿನದು ಸೇರಿಸಿದೆ, ಊಟದ ಡಬ್ಬಿಯ ಜೊತೆ ಕಟ್ಟಿ ಕಳಿಸುತ್ತೇನೆ. ಡಬ್ಬಿಯಲ್ಲಿ ಮಾತ್ರೆ ನೋಡಿ ಕಂಡಕ್ಟರ್ ಅಕ್ಕ, ಅಮ್ಮನ ಬಸ್ಸಿನಲ್ಲೇ ವರ್ಷಗಳಿಂದ ಟಿಕೆಟ್ ಹರಿಯುವವರು, ನಕ್ಕರಂತೆ. ನಗಲಿ. ಪ್ರಯೋಗಾಲಯದಲ್ಲೂ ಎಲ್ಲರಿಗೂ ಹೇಳಿ ಹೇಳಿ ಸತು ಶುರುಮಾಡಿಸಿದ್ದೇನೆ. ಹೆಡ್ ಮೇಡಂಗೂ ಒಂದು ಸೀಸೆ ತಂದುಕೊಟ್ಟೆ.

ಫೆಬ್ರವರಿ 14, ಶುಕ್ರವಾರ

ಅಬ್ಬಾ! ಇಂಥದ್ದನ್ನು ನಾನು ನೋಡಿಯೇ ಇರಲಿಲ್ಲ.

ಕಾವಲುಗಾರನಿಲ್ಲದ ತಳಿಗೆ ಸತು ಜಾಸ್ತಿ ಇರುವ ಸಾರು, ಅಂದರೆ ಅವು ಬೆಳೆಯುವ ಪೋಷಕ ದ್ರವ, ಕೊಟ್ಟೆ. ಮಾಮೂಲಿ ಬ್ಯಾಕ್ಟೀರಿಯಾ ಪಂಪು ನಿಲ್ಲಿಸಿ, ಹೆಚ್ಚಾದದ್ದನ್ನು ಹಿಂಬಾಗಿಲಿನಿಂದ ಹೊರಹಾಕಿ, ಹಾಯಾಗಿ ಬೆಳೆಯಿತು. ನನ್ನದು ಎಳೆದುಕೊಳ್ಳುತ್ತಲೇ ಹೋಯಿತು. ಬೆಳಿಗ್ಗೆ ಬಂದು ನೋಡಿದರೆ ಕೊಳವೆಗಳು ತಿಳಿನೀರಿನ ಹಾಗೆ. ಒಂದೂ ಬದುಕಿಲ್ಲ. ಮೊದಲಿಗೆ ನಾನೇ ಏನೋ ಎಡವಟ್ಟು ಮಾಡಿದೆ ಅಂದುಕೊಂಡೆ. ಮತ್ತೆ ಮಾಡಿದೆ. ಮತ್ತೆ ಅದೇ.

ಹೆಡ್ ಮೇಡಂ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಸತು ಅತಿಯಾದರೆ ನೇರವಾಗಿ ಸುಡುವುದಷ್ಟೇ ಅಲ್ಲವಂತೆ. ಈ ರೋಗಾಣುವಿಗೆ ಮ್ಯಾಂಗನೀಸ್ ಒಳಗೆ ತರುವ ಒಂದು ಬಾಗಿಲಿದೆ; ಸತು ಹೋಗಿ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮ್ಯಾಂಗನೀಸ್ ಹೊರಗೇ ಉಳಿಯುತ್ತದೆ. "ಹೊಟ್ಟೆ ಬಿರಿಯೋಷ್ಟು ತಿಂದೂ ಹಸಿವಿನಿಂದ ಸತ್ತಿದೆ ಇದು. ಒಂದು ಲೋಹ ಜಾಸ್ತಿ ಆದ್ರೆ ಇನ್ನೊಂದು ಕಾಣೆ," ಅಂದರು. ಎಂಥಾ ಸೊಗಸು! ದಾರಿಯುದ್ದಕ್ಕೂ ಒಬ್ಬಳೇ ನಗುತ್ತಾ ಬಂದೆ, ನೋಡಿದವರು ಏನಂದುಕೊಂಡರೋ.

ಅಮ್ಮನಿಗೆ ಹೇಳೋಣವೆಂದರೆ ಅವಳಿಗೆ ಇವತ್ತು ಕೇಳುವ ಮನಸ್ಸಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದವಳು ವಾಲಿ ನಲ್ಲಿ ಹಿಡಿದುಕೊಂಡಳು. ಕಣ್ಣು ಮುಚ್ಚಿದರೆ ನೆಲ ಎಲ್ಲಿದೆ ಅಂತ ತಿಳಿಯುವುದಿಲ್ಲ ಅಂದಳು. ಇಡೀ ದಿನ ಸೀಟಿನಲ್ಲಿ ಕೂತರೆ ಕಾಲು ಜೋಮು ಹಿಡಿಯದೆ ಇರುತ್ತದೆಯೇ, ಎದ್ದು ಓಡಾಡು ಅಂದೆ.

ಮಾರ್ಚ್ 3, ಸೋಮವಾರ

ಅಮ್ಮನ ಕಂಕುಳಲ್ಲಿ ಕುರು, ಮೈ ಸುಡುವಷ್ಟು ಜ್ವರ. ಕುಯ್ಯಿಸಿಕೊಂಡು ಬಂದೆವು. ಸತುವಿನ ಮಾತ್ರೆ ತಿಂದರೆ ಹೊಟ್ಟೆ ತೊಳೆಸುತ್ತದೆ, ಬೇಡ ಬಿಡೇ ಎಂದು ರಾಗ ತೆಗೆದಳು. ಚೆನ್ನಾಗಿ ದಬಾಯಿಸಿದೆ. ಕಾಯಿಲೆ ಮೇಲೆ ಕಾಯಿಲೆ ಬರುತ್ತಿರುವಾಗ ಬಿಡುವ ಮಾತಾಡುತ್ತೀಯಲ್ಲ, ಸತು ಇಲ್ಲದಿದ್ದರೆ ಬಿಳಿ ರಕ್ತಕಣ ಕೆಲಸ ಮಾಡುವುದು ಹೇಗೆ, ಖಾಲಿ ಹೊಟ್ಟೆಯಲ್ಲಿ ತಿಂದರೆ ತೊಳೆಸದೆ ಇನ್ನೇನು, ಊಟದ ಜೊತೆ ತಗೋ ಅಂದೆ. ಚಿಕ್ಕ ಹುಡುಗಿಯ ಹಾಗೆ ಮುಖ ಮಾಡಿಕೊಂಡು ನುಂಗಿದಳು. ಹಠಮಾರಿ. ಕುರು ಒಣಗುವವರೆಗೆ ಮಲಗುವಾಗಲೂ ಒಂದು ಕೊಡಬೇಕು.

ಮಾರ್ಚ್ 22, ಶನಿವಾರ

ಸತ್ತ ತಳಿಯ ಬಗ್ಗೆ ಎಲ್ಲರೆದುರು ಮಾತಾಡಿದೆ. ಚಪ್ಪಾಳೆ! ಹೆಡ್ ಮೇಡಂ ಎರಡು ಸಲ ಹೂಂ ಅಂದರು. ಕುರು ಒಣಗಿದೆ, ಮಾತ್ರೆ ಹಾಗೇ ಮುಂದುವರಿಸಿದ್ದೇನೆ.

ಏಪ್ರಿಲ್ 7, ಸೋಮವಾರ

ಅಮ್ಮ ಬಸ್ಸನ್ನು ಫುಟ್‌ಪಾತಿಗೆ ಹತ್ತಿಸಿಬಿಟ್ಟಳು.

ಬರೆದ ಅಕ್ಷರ ನನಗೇ ಓದಲಾಗುತ್ತಿಲ್ಲ. ಫೋನು ಬಂದಾಗ ಬ್ಯಾಕ್ಟೀರಿಯಾ ತೊಳೆಯುತ್ತಿದ್ದೆ. ಎಲ್ಲ ಅಲ್ಲೇ ಬಿಟ್ಟು ಓಡಿದೆ. ಬಸ್ ನಿಲ್ದಾಣದ ಕಂಬ ಬಾಗಿತ್ತು, ಮುಂದಿನ ಗಾಜು ರಸ್ತೆಯ ತುಂಬ ಪುಡಿಯಾಗಿ ಬಿದ್ದಿತ್ತು. ನಿಲ್ದಾಣದ ಬೆಂಚಿನ ಮೇಲೆ ಆ ಹೊತ್ತಿನಲ್ಲಿ ಯಾರೂ ಕೂತಿರಲಿಲ್ಲ. ಯಾರೂ ಇರಲಿಲ್ಲ, ಯಾರೂ ಇರಲಿಲ್ಲ ಎಂದು ಕಂಡಕ್ಟರ್ ಅಕ್ಕ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಬಸ್ಸಿನೊಳಗೆ ಒಬ್ಬರ ಹಲ್ಲು ಮುರಿದಿದೆ, ಒಬ್ಬ ಹುಡುಗಿಯ ಹಣೆ ಒಡೆದಿದೆ. ಇಷ್ಟು ವರ್ಷ ಒಂದು ಸೈಕಲ್ಲಿಗೂ ತಾಗಿಸದ ಅಮ್ಮ ಫುಟ್‌ಪಾತಿನ ಅಂಚಿನಲ್ಲಿ ಕೂತು ತನ್ನ ಬಲಗಾಲನ್ನೇ ನೋಡುತ್ತಿದ್ದಳು.

"ಬ್ರೇಕ್ ಮೇಲಿದೆ ಅಂದ್ಕೊಂಡೆ," ಅಂದಳು. "ಇರಲಿಲ್ಲ ಕಣೇ. ನನ್ನ ಕಾಲು ಎಲ್ಲಿದೆ ಅಂತ ನಂಗೇ ಗೊತ್ತಾಗ್ಲಿಲ್ಲ."

ಆಸ್ಪತ್ರೆಗೆ ಸೇರಿಸಿದ್ದಾರೆ. ನಾಲ್ಕು ಜನ ಡ್ರೈವರುಗಳು ಹೊರಗೆ ನಿಂತಿದ್ದಾರೆ, ಯಾರೂ ಅವಳ ಮುಖ ನೋಡುತ್ತಿಲ್ಲ.

ಏಪ್ರಿಲ್ 8, ಮಂಗಳವಾರ

ರಕ್ತದ ವರದಿ ಬಂತು. ನಾನು ಓದಿ ಇದು ಬೇರೆ ಯಾರದ್ದೋ ಅಂದೆ. ನರ್ಸು ಹೆಸರು ತೋರಿಸಿದರು. ಬಿಳಿ ರಕ್ತಕಣ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅದರಲ್ಲೂ ರೋಗಾಣುವಿನ ಮೇಲೆ ಮೊದಲು ಬೀಳುವ, ಸತು ಹಿಡಿದಿಡುವ ಪ್ರೋಟೀನನ್ನು ಸುರಿಯುವ ಕಣಗಳೇ ಇಲ್ಲ. ಕೆಮ್ಮು, ಹುಣ್ಣು, ಕುರು ಎಲ್ಲಕ್ಕೂ ಅದೇ ಕಾರಣವಂತೆ. ಅವಳ ಮೈ ಬಾಗಿಲು ತೆರೆದಿಟ್ಟ ಮನೆಯಾಗಿತ್ತು, ಆ ಸ್ಥಿತಿಯಲ್ಲೇ ಬಸ್ಸು ಓಡಿಸಿಕೊಂಡಿದ್ದಳು.

ರಕ್ತದ ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಅಮ್ಮ ಯಾವ ಔಷಧಿ ತಗೊಳ್ಳುತ್ತಾರೆ ಎಂದು ಕೇಳಿದರು. ಕಬ್ಬಿಣದ್ದು ಬಿಟ್ಟರೆ ಏನೂ ಇಲ್ಲ ಅಂದೆ. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಬೇಕಂತೆ. ಯಾಕೆ ಎಂದು ಕೇಳುವ ಮೊದಲೇ ನನಗೆ ಗೊತ್ತಾಯಿತು. ಮಜ್ಜೆಯೇ ಕೆಟ್ಟು, ಮುಂದೆ ರಕ್ತದ ಕ್ಯಾನ್ಸರಿಗೆ ತಿರುಗುವ ಕಾಯಿಲೆ ಒಂದಿದೆ. ಅದರ ಹೆಸರನ್ನು ಬರೆಯಲಾರೆ.

ಏಪ್ರಿಲ್ 11, ಶುಕ್ರವಾರ

ಮಜ್ಜೆಯಲ್ಲಿ ಕಣಗಳ ಆಕಾರ ಕೆಟ್ಟಿದೆ. ಆ ಕಾಯಿಲೆಯ ಹಾಗೇ ಕಾಣುತ್ತದೆ, ಆದರೆ ಕಾಲಿನ ತೊಂದರೆ ಅದಕ್ಕೆ ಹೊಂದುತ್ತಿಲ್ಲ, ಇನ್ನೊಂದಿಷ್ಟು ರಕ್ತ ಕಳಿಸುತ್ತೇವೆ ಅಂದರು ಡಾಕ್ಟರು. ಏನು ನೋಡಲು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅಮ್ಮನ ಮುಂದೆ ನಗುತ್ತಿದ್ದೇನೆ. ಬ್ಯಾಗಿನಲ್ಲಿ ಸೀಸೆ ಇಟ್ಟುಕೊಂಡು ನಾಲ್ಕು ಹೊತ್ತೂ ಸತು ಕೊಡುತ್ತಿದ್ದೇನೆ, ನನ್ನ ಕೈಲಾಗುವುದು ಅದೊಂದೇ.

ಏಪ್ರಿಲ್ 14, ಸೋಮವಾರ

ಬೆಳಿಗ್ಗೆ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಕ್ಯಾನ್ಸರಿನ ಜಾತಿಯದ್ದಲ್ಲ ಅಂದರು. ನಾನು ಮೇಜು ಹಿಡಿದುಕೊಂಡು ಅತ್ತೆ, ಅವರಿಗೆ ಕೈ ಮುಗಿದೆ, ಏನೇನೋ ಬಡಬಡಿಸಿದೆ. ಅವರು ನಾನು ಮುಗಿಸುವವರೆಗೆ ಕಾದರು.

"ದೇಹದಲ್ಲಿ ತಾಮ್ರ ಇಲ್ಲ. ಹೆಚ್ಚುಕಮ್ಮಿ ಪೂರ್ತಿ ಇಲ್ಲ," ಅಂದರು. "ತಾಮ್ರ ಇಲ್ದೆ ಮಜ್ಜೆ ರಕ್ತಕಣ ಮಾಡಲ್ಲ, ಬೆನ್ನುಹುರಿಗೂ ಪೆಟ್ಟು, ಅದಕ್ಕೇ ಕಾಲು ಎಲ್ಲಿದೆ ಅಂತ ತಿಳಿಯಲ್ಲ. ಸತು ಮಾತ್ರ ವಿಪರೀತ ಇದೆ. ಇಷ್ಟು ಸತು ಊಟದಿಂದ ಬರಲ್ಲ. ಹಲ್ಲುಸೆಟ್ಟು ಕೂರಿಸೋ ಅಂಟಿನಲ್ಲಿ ಇರುತ್ತೆ ಒಂದೊಂದ್ಸಲ. ನಿಮ್ಮ ತಾಯಿಗೆ ಹಲ್ಲುಸೆಟ್ಟು ಇದೆಯಾ?"

ಇಲ್ಲ, ಅಮ್ಮನ ಹಲ್ಲು ಕಲ್ಲು ಅಂದೆ. ಅಂದಾದ ಮೇಲೆ ನನಗೆ ಹೊಳೆಯಿತು.

ಸೀಸೆ ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲೇ ಇತ್ತು. ಅರ್ಧ ಗಂಟೆ ಮೊದಲು ಅದರಿಂದ ಒಂದು ತೆಗೆದು ಅಮ್ಮನ ಬಾಯಿಗೆ ಹಾಕಿ ಬಂದಿದ್ದೆ. ತೆಗೆದು ಮೇಜಿನ ಮೇಲಿಟ್ಟೆ. ಅವರು ಅದರ ಮೇಲೆ ಬರೆದದ್ದನ್ನು ಓದಿ, ದಿನಕ್ಕೆ ಎಷ್ಟು, ಎಷ್ಟು ಕಾಲದಿಂದ ಎಂದು ಕೇಳಿದರು. ಹೇಳಿದೆ. ಯಾವ ಡಾಕ್ಟರು ಬರೆದುಕೊಟ್ಟರು ಎಂದು ಕೇಳಿದರು. ನಾನೇ ಅಂದೆ. ನೀವು ಏನು ಕೆಲಸ ಮಾಡುವುದು ಅಂದರು.

ಅದಕ್ಕೆ ಉತ್ತರ ಹೇಳಿದ್ದು ನನ್ನ ಜೀವಮಾನದಲ್ಲೇ ಕಷ್ಟದ ಮಾತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸತು ಅತಿಯಾದರೆ ಕರುಳಿನ ಒಳಪದರ ಅದನ್ನು ಹಿಡಿಯಲು ಒಂದು ಪ್ರೋಟೀನು ತಯಾರಿಸುತ್ತದೆ, ಆ ಪ್ರೋಟೀನು ಸತುವಿಗಿಂತ ತಾಮ್ರವನ್ನು ಗಟ್ಟಿ ಹಿಡಿಯುತ್ತದೆ, ಒಳಪದರ ಉದುರಿದಾಗ ತಾಮ್ರವೂ ಅದರೊಂದಿಗೆ ಹೊರಗೆ ಹೋಗುತ್ತದೆ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಒಂದು ಲೋಹ ಜಾಸ್ತಿಯಾದರೆ ಇನ್ನೊಂದು ಕಾಣೆ. ಇದನ್ನು ನಾನು ತಿಂಗಳ ಹಿಂದೆ ಪರದೆಯ ಮುಂದೆ ನಿಂತು ಊರಿಗೆಲ್ಲ ಪಾಠ ಹೇಳಿದ್ದೇನೆ!

ಕಾಯಿಲೆ ಬಂದಷ್ಟೂ ಸತು ಹೆಚ್ಚಿಸಿದೆ. ಸತು ಹೆಚ್ಚಿಸಿದಷ್ಟೂ ಕಾಯಿಲೆ ಬಂತು. ಅಮ್ಮ ಬೇಡ ಅಂದಳು. ಬೇಡ ಅಂದವಳಿಗೆ ಗದರಿಸಿ ನುಂಗಿಸಿದೆ. ಆ ಬೆಂಚಿನ ಮೇಲೆ ಯಾರಾದರೂ ಕೂತಿದ್ದರೆ?

ಏಪ್ರಿಲ್ 16, ಬುಧವಾರ

ಹೇಳಿದೆ. ಒಂದೇ ಉಸಿರಿಗೆ, ಕರುಳು, ಪ್ರೋಟೀನು, ತಾಮ್ರ, ಮಜ್ಜೆ, ಎಲ್ಲ ವಿವರಿಸಿ ವಿವರಿಸಿ ಹೇಳಿದೆ. ನಿಲ್ಲಿಸಿದರೆ ಅವಳು ಏನಾದರೂ ಅನ್ನುತ್ತಾಳೆಂದು ಭಯವಾಗಿ ಮತ್ತೆ ಮೊದಲಿನಿಂದ ವಿವರಿಸಿದೆ. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು, ನಿದ್ದೆ ಬಂದಿದೆ ಅಂದುಕೊಂಡೆ.

"ನೀನು ಊರಿಗೆ ಹೋಗಿದ್ದ ವಾರ ಮಾತ್ರೆ ಮರೆತುಬಿಟ್ಟಿದ್ದೆ," ಅಂದಳು. "ವಾಪಸ್ ಬಂದು ಎಣಿಸಿದ್ರೆ ಬೈತೀಯ ಅಂತ ಕಡೇ ದಿನ ಎಲ್ಲ ಒಟ್ಟಿಗೆ ನುಂಗ್ದೆ. ದಾರೀಲಿ ಬಸ್ ನಿಲ್ಲಿಸಿ ವಾಂತಿ ಮಾಡ್ಕೊಂಡೆ."

ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿದಳು.

"ಕಾಲು ಬರುತ್ತಾ?"

ರಕ್ತ ಖಂಡಿತ ಸರಿಯಾಗುತ್ತದೆ, ತಾಮ್ರ ಕೊಡಲು ಶುರುಮಾಡಿದ್ದಾರೆ, ಕಾಲಿನದು ಯಾರೂ ಹೇಳಲಾರರು, ಕೆಲವರಿಗೆ ಬರುತ್ತದೆ, ಕೆಲವರಿಗೆ ಅರ್ಧ ಅಂದೆ. ಅವಳು ಗೋಡೆಯ ಕಡೆ ತಿರುಗಿದಳು. ಕಂಡಕ್ಟರ್ ಅಕ್ಕ ಬಂದಾಗ ಅವರ ಜೊತೆ ಚೆನ್ನಾಗಿ ಮಾತಾಡಿದಳು. ನನ್ನ ಜೊತೆಯೂ ಚೆನ್ನಾಗಿಯೇ ಮಾತಾಡಿದಳು. ಅದೇ ತಡೆಯಲಾಗುತ್ತಿಲ್ಲ.

ಮೇ 19, ಸೋಮವಾರ

ಬಿಳಿ ರಕ್ತಕಣ ಮೇಲೆ ಬಂದಿದೆ. ಬಾಯಿಹುಣ್ಣು ಮಾಯ. ಅಮ್ಮ ಗೋಡೆ ಹಿಡಿದು ನಡೆಯುತ್ತಾಳೆ; ಇವತ್ತು ಹಿಡಿಯದೆ ಅಡುಗೆಮನೆಯವರೆಗೆ ಬಂದಳು. ಕುಣಿಯಬೇಕೆನ್ನಿಸಿತು.

ಅಪಘಾತದ ನಂತರ ಪ್ರಯೋಗಾಲಯಕ್ಕೆ ಮೊದಲ ಸಲ ಹೋದೆ. ಸತುವಿನ ಉಪ್ಪು ತೂಗಲು ಚಮಚ ಹಿಡಿದವಳು ಹಾಗೇ ಕೆಳಗೆ ಇಟ್ಟುಬಿಟ್ಟೆ. ಹೆಡ್ ಮೇಡಂ ನೋಡಿದರು. ತಮ್ಮ ಕಪಾಟಿನಿಂದ ಆ ಸೀಸೆ ತೆಗೆದು ತೋರಿಸಿದರು, ಅರ್ಧ ಖಾಲಿ. "ನಾನೂ ತಿಂದೆ. ಲೇಬಲ್ ಓದೋ ಕೆಲ್ಸ ನನಗೂ ಇತ್ತು. ನಿನ್ನ ಬಾಯಿ ಜೋರು, ನಂಬಿಬಿಟ್ಟೆ," ಅಂದರು. ಅವರೇ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾರೆ, ಏನೂ ತೊಂದರೆಯಿಲ್ಲ. ಉಪ್ಪನ್ನು ಅವರೇ ತೂಗಿಕೊಟ್ಟರು. ನನ್ನ ಬಾಯಿ ಜೋರು ಎಂದು ಅವರು ಇಷ್ಟು ದಿನ ಅಂದೇ ಇರಲಿಲ್ಲ.

ಜುಲೈ 2, ಬುಧವಾರ

ತಾಮ್ರ ಸರಿ, ರಕ್ತ ಸರಿ. ಅಮ್ಮ ಬೀದಿಯ ಕೊನೆಯವರೆಗೆ ನಡೆದಳು. ಕಾಲು ಹೇಗಿದೆ ಎಂದು ಕೇಳಿದೆ. ಇದೆ ಅಂದಳು. ಡಿಪೋದಿಂದ ಪತ್ರ ಬಂದಿದೆ, ಬಸ್ಸು ಓಡಿಸುವ ಪರೀಕ್ಷೆಯಲ್ಲಿ ಪಾಸಾದರೆ ಮತ್ತೆ ಬಸ್ಸು ಕೊಡುತ್ತಾರಂತೆ. ಇಸ್ತ್ರಿ ಮಾಡಿದ ಯೂನಿಫಾರ್ಮು ಬಾಗಿಲ ಹಿಂದೆ ತೂಗುಹಾಕಿದ್ದಾಳೆ.

ಆಗಸ್ಟ್ 22, ಶುಕ್ರವಾರ

ಡಿಪೋದ ಹಿಂದಿನ ಖಾಲಿ ಅಂಗಳದಲ್ಲಿ ಡ್ರಮ್ಮುಗಳನ್ನಿಟ್ಟು ದಾರಿ ಮಾಡಿದ್ದರು. ಪರೀಕ್ಷೆ ಮಾಡುವ ತರಬೇತುದಾರ ಒಂದು ಕಾಲದಲ್ಲಿ ಅಮ್ಮನ ಕೈಯಲ್ಲೇ ಕಲಿತವನು, ಅಕ್ಕಾ ಅಕ್ಕಾ ಎಂದು ಸುತ್ತುತ್ತಿದ್ದ. ನನ್ನನ್ನೂ ಕಂಡಕ್ಟರ್ ಅಕ್ಕನನ್ನೂ ಹಿಂದಿನ ಸೀಟಿನಲ್ಲಿ ಕೂರಲು ಬಿಟ್ಟ. ಅಮ್ಮ ಕಂಬಿ ಹಿಡಿದು ಹತ್ತಿ ಕೂತಳು. ಬಸ್ಸು ಹೊರಟಿತು.

ಎಷ್ಟು ಚೆನ್ನಾಗಿ ಓಡಿಸಿದಳು! ಡ್ರಮ್ಮುಗಳ ನಡುವೆ ಹಾವಿನ ಹಾಗೆ ಹೊರಳಿ, ಗೆರೆಯ ಮೇಲೆ ಗೆರೆ ಇಟ್ಟ ಹಾಗೆ ನಿಲ್ಲಿಸಿದಳು. ಎರಡನೆಯ ಸುತ್ತಿನಲ್ಲಿ ಕಂಡಕ್ಟರ್ ಅಕ್ಕ ನನ್ನ ಕೈ ಹಿಸುಕಿ ಅಳುತ್ತಿದ್ದರು. ನಾನೂ ಅಳುತ್ತಿದ್ದೆ. ಮುಗಿಯಿತು, ದೇವರೇ, ಎಲ್ಲ ಸರಿಹೋಯಿತು ಅಂದುಕೊಂಡೆ. ತರಬೇತುದಾರ ಪೆನ್ನು ತೆಗೆದು ಪಾಸ್ ಅಂತ ಬರೆದುಬಿಡಲೇ ಎಂದು ನಗುತ್ತಾ ಕೇಳಿದ.

"ಬೇಡಪ್ಪ," ಅಂದಳು ಅಮ್ಮ. "ಬ್ರೇಕ್ ಹಾಕೋ ಮುಂಚೆ ಪ್ರತಿ ಸಲ ಬಗ್ಗಿ ಕಾಲು ನೋಡ್ಕೊಂಡೆ. ನೀನು ಡ್ರಮ್ ನೋಡ್ತಿದ್ದೆ, ನಿಂಗೆ ಕಾಣ್ಲಿಲ್ಲ. ಕಾಲು ನೋಡ್ಕೊಂಡು ಓಡಿಸೋರಿಗೆ ಬಸ್ ಕೊಡಬಾರ್ದು."

ಅವನು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ಅವಳ ಮುಖ ನೋಡಿದ. ಅಮ್ಮ ಇಂಜಿನ್ ಆರಿಸಿ, ಕೀಲಿ ತೆಗೆದು ಅವನ ಅಂಗೈಗೆ ಹಾಕಿ, ಕಂಬಿ ಹಿಡಿದು ಇಳಿದಳು. ಪಾಸಾಗಿದ್ದಳು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಕೂಡ.

ಮನೆಯ ಕಡೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ನರ ನಿಧಾನವಾಗಿ ಸರಿಹೋಗುತ್ತದೆ, ವರ್ಷ ಕಳೆದ ಮೇಲೂ ಕೆಲವರಿಗೆ ಎಂದು ನಾನು ಬಾಯಿ ತೆರೆದೆ.

"ಸುಮ್ನಿರು," ಅಂದಳು. "ಸಿಟ್ಟಿದೆ ನಂಗೆ. ಕಾಲು ಸರಿಹೋದ್ರೆ ಬೈಯೋದ್ಯಾಕೆ ಅಂತ ಇಷ್ಟು ದಿನ ನುಂಗ್ಕೊಂಡಿದ್ದೆ. ಈಗ ಬೈತೀನಿ. ಕೇಳ್ಕೋ."

ಬೈದಳು. ಮೆಲ್ಲಗೆ ಶುರುಮಾಡಿ, ಎರಡನೆಯ ಸ್ಟಾಪಿನ ಹೊತ್ತಿಗೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ. ಹೊಟ್ಟೆ ತೊಳೆಸುತ್ತೆ ಅಂದಾಗ ನನ್ನ ಮಾತು ನಿನ್ನ ಕಿವಿಗೆ ಬಿತ್ತಾ ಅಂದಳು. ನನ್ನ ಮೈ ನಿನ್ನ ಸೀಸೆಯಾ ಅಂದಳು. ಆ ಹುಡುಗಿಯ ಹಣೆ ಒಡೆದದ್ದು ನನ್ನ ಕೈಯಿಂದ, ಅದನ್ನ ಯಾರ ಮುಂದೆ ಹೇಳ್ಕೊಳ್ಳಲಿ ಅಂದಳು. ಟಿಕೆಟ್ ಕೇಳಲು ಬಂದವನು ನಮ್ಮನ್ನು ಬಿಟ್ಟು ಮುಂದೆ ಹೋದ. ನಾನು ಕೂತು ಕೇಳಿದೆ. ಒಂದು ಮಾತೂ ಸುಳ್ಳಿರಲಿಲ್ಲ.

ಇಳಿದ ಮೇಲೆ ಫುಟ್‌ಪಾತು ಒಡೆದಿತ್ತು. ನನ್ನ ತೋಳನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು, ಹಿಡಿದುಕೊಂಡೇ ಬೈಯುತ್ತಾ ನಡೆದಳು. ಮನೆ ಬಂದರೂ ಮುಗಿದಿರಲಿಲ್ಲ. ಮೆಟ್ಟಿಲ ಮೇಲೆ ಒಂದೊಂದೇ ಪಾದವನ್ನು ನೋಡಿಕೊಂಡು ಇಡುತ್ತಾ, ನನ್ನ ತೋಳು ಬಿಡದೆ, ಉಳಿದದ್ದನ್ನೂ ಹೇಳಿದಳು.